ಆಫ್ರಿಕಾದವರು ನಮ್ಮನ್ನೇ ವಿಚಾರಿಸಿಬಿಟ್ಟರು

“ಅಲ್ಲಿ ಸಿಂಹ ಎದುರಿಗೆ ಬಂದ್ರ ಏನ್ ಮಾಡ್ತೀರಿ?” ಅಂತ ಕೇಳಿದೆ.

“ನಾವು ಹೊಂಟಿರೋದು ಸಿಂಹಕ್ಕಲ್ಲ, ಜಿಂಕಿಗೆ” ಅಂದರು ನಮ್ಮನೆಯವರು, ಉಪ್ಪಿಟ್ಟಿನೊಳಗಿನ ಹಸಿಮೆಣಸಿನಕಾಯಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಾ.

“ಸಿಂಹಕ್ಕ ಅದು ಗೊತ್ತೈತೇನ್ರಿ?”

ಇನ್ನೊಂದು ಮೆಣಸಿನಕಾಯಿ ಅಂಚಿಗೆ ಬಂತು. ಮೆಣಸಿನಕಾಯಿಗೆ ಹೆದರುವ ಮನುಷ್ಯ ಬೇಟೆಗೆ ಹೊರಟಿದ್ದಾರೆ. ಅದೂ ಆಫ್ರಿಕಾಕ್ಕೆ! ನನಗೆ ನಿದ್ದೆ ಹೇಗೆ ಬರಬೇಕು, ನೀವೇ ಹೇಳಿ.

ರಾಯದುರ್ಗದಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್ಟು. ಬಟ್ಟೆ ಸಪ್ಲೈ ಮಾಡುವ ಬಳ್ಳಾರಿಯ ಗೆಳೆಯರೊಬ್ಬರು ಈ ಹುಳ ಬಿಟ್ಟವರು. ನಮ್ಮ ದೇಶದಲ್ಲಿ ಒಂದು ಮೊಲ ಹೊಡೆದರೂ ಕೇಸು. ಅಲ್ಲಿ ಹಾಗಲ್ಲವಂತೆ. ಸರ್ಕಾರದ ಪರ್ಮಿಟ್ ತಗೊಂಡು, ಖಾಸಗಿ ಕಾಡಿನಲ್ಲಿ, ಗೊತ್ತುಮಾಡಿದ ಪ್ರಾಣಿಯನ್ನು ಹೊಡೆಯಬಹುದಂತೆ. ಗಾಡಿ, ಊಟ, ಬಂದೂಕು, ದಾರಿ ತೋರಿಸೋರು, ಎಲ್ಲಾ ಒಂದು ಕಂಪನಿಯವರೇ ನೋಡಿಕೊಳ್ಳುತ್ತಾರೆ. ಅವರಿಗೆ ಔಟ್‌ಫಿಟರ್ ಅಂತ ಹೆಸರು. (ನಾನು ಬಟ್ಟೆ ಹೊಲಿಯೋರು ಅಂದುಕೊಂಡಿದ್ದೆ. ಜೀನ್ಸ್ ಊರಿನ ಬುದ್ಧಿ!)

“ಪಾಪ ಅಲ್ಲೇನ್ರಿ?” ಅಂದೆ.

“ಪಾರುವೇಟೆ ದಿನ ದೇವ್ರೇ ಪಲ್ಲಕ್ಕಿಯೊಳಗ ಕುಂತು ಬೇಟೆಗೆ ಹೋಗಲ್ಲೇನು?”

“ಹೋಗ್ತಾನ. ಸಿಕ್ಕ ಮೊಲಾನ ಹೊಡೀದೆ ಬಿಟ್ಟು ಬರ್ತಾನ.”

ಮಾತು ಅಲ್ಲಿಗೆ ನಿಂತಿತು. ಟಿಕೆಟ್ಟಿನ ವಿಚಾರಣೆ ನಿಲ್ಲಲಿಲ್ಲ.

ಸರಿ, ತಡೆಯೋಕೆ ಆಗದಿದ್ದರೆ ಕಳಿಸೋ ಜಾಗ ಎಂಥದ್ದು ಅಂತಾದರೂ ನೋಡಬೇಕಲ್ಲ? ಸೊಸೆ ಶ್ರುತಿ ಇಲ್ಲೇ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಇಬ್ಬರೂ ಮೊಬೈಲ್ ಹಿಡಿದು ಕೂತೆವು. ಕಂಪನಿಯ ವೆಬ್‌ಸೈಟ್ ತುಂಬ ನಗುವ ಗಂಡಸರು. ಒಬ್ಬೊಬ್ಬರೂ ಸತ್ತ ಪ್ರಾಣಿಯ ಹಿಂದೆ ಮಂಡಿಯೂರಿ ಕೂತಿದ್ದಾರೆ. ಕೆಳಗೆ ಸಾಲಾಗಿ ಐದೈದು ಸ್ಟಾರು, ಹೊಗಳಿಕೆ.

“ಅತ್ತೆ, ರಿವ್ಯೂ ಚೆನ್ನಾಗಿದಾವೆ” ಅಂದಳು ಶ್ರುತಿ.

“ಗಂಡಿನ ಕಡೆಯವ್ರು ಹೇಳಿದ ಮನೆಗೇ ಹೋಗಿ ಗಂಡಿನ ಬಗ್ಗೆ ಕೇಳ್ತಾರೇನೇ ಯಾರಾದ್ರೂ? ನಮ್ಮಪ್ಪ ಬೆಳುಗುಪ್ಪದಿಂದ ಈ ಊರಿಗೆ ಬಂದಾಗ, ಇವ್ರ ಜೊತಿ ಜಗಳ ಆಡಿ ಮಾತು ಬಿಟ್ಟಿದ್ದ ಮನಿಯೋರನ್ನ ಹುಡುಕಿ ವಿಚಾರಿಸಿದ್ದ.”

ಅವಳಿಗೆ ಅರ್ಥವಾಯಿತು. ಕಂಪನಿಗೆ ಮೆಸೇಜ್ ಹಾಕಿದಳು: ನಿಮ್ಮಲ್ಲಿಗೆ ಬಂದು ಬರಿಗೈಲಿ ವಾಪಸ್ ಹೋದವರು ಯಾರಾದರೂ ಇದ್ದರೆ ಅವರ ನಂಬರ್ ಕೊಡಿ. ಕೊಡಲಿಕ್ಕಿಲ್ಲ ಅಂದುಕೊಂಡಿದ್ದೆ. ಹಾಗೆ ವಾಪಸ್ ಹೋದ ಒಬ್ಬರನ್ನು ಒಂದು ಮಾತು ಕೇಳಿಕೊಂಡು, ಅವರ ನಂಬರ್ ಕೊಟ್ಟರು. ಸೊಲ್ಲಾಪುರದವರು! ನಲ್ಲಿ ನೀರು ಬಂದರೆ, ಹಾಲು ಒಡೆಯದಿದ್ದರೆ, ಇವರ ಬಿಪಿ ಏರದಿದ್ದರೆ ವೆಂಕಟರಮಣನಿಗೆ ಕೈಮುಗಿಯುವವಳು ನಾನು. ಆಫ್ರಿಕಾದ ವಿಷಯ ಕನ್ನಡದಲ್ಲೇ ಕೇಳುವ ಭಾಗ್ಯಕ್ಕೆ ಎರಡು ಸಲ ಮುಗಿದೆ.

ಫೋನ್ ಎತ್ತಿದ್ದು ಆ ಮನೆಯ ಯಜಮಾನಿ.

“ನಮ್ಮವ್ರಿಗೆ ಒಂದೂ ಸಿಗ್ಲಿಲ್ರಿ ಅಕ್ಕಾರ. ಕಡೀ ದಿನ ಒಂದು ಎದುರಿಗೇ ನಿಂತಿತ್ತಂತ. ಇವ್ರು ಬಂದೂಕ ಎತ್ಯಾರ, ಗೈಡ್ ಬ್ಯಾಡ ಅಂದಾನ. ಅದರ ಹಿಂದ ಇನ್ನೊಂದು ನಿಂತಿತ್ತಂತ, ಗುಂಡು ದಾಟಿ ಅದಕ್ಕೂ ಬೀಳ್ತದಂತ. ನಮ್ಮವ್ರು ಸಿಟ್ಟಿಗೆದ್ದು ಎರಡೇ ಸ್ಟಾರ್ ಕೊಟ್ಟು ಬಂದಾರ್ರಿ!” ಆಯಮ್ಮ ಬಿದ್ದು ಬಿದ್ದು ನಕ್ಕರು.

ನನಗೆ ಆ ಎರಡು ಸ್ಟಾರ್ ಮೇಲೆಯೇ ನಂಬಿಕೆ ಬಂತು. ಯೋಚನೆ ಮಾಡಿ, ನಮ್ಮ ಬದುಕಿನಲ್ಲೂ ಹೀಗೇ ಅಲ್ಲವಾ? ‘ಇಂಜೆಕ್ಷನ್ ಬೇಡಮ್ಮ, ಬಿಸಿನೀರು ಕುಡಿದು ಮಲಗು’ ಅನ್ನೋ ಡಾಕ್ಟರ್ ಹತ್ತಿರ ಎರಡನೇ ಸಲ ಹೋಗ್ತೀವಾ? ಕೇಳಿದ್ದಕ್ಕೆಲ್ಲ ಹೂಂ ಅನ್ನೋರಿಗೆ ಐದು ಸ್ಟಾರು. ಬೇಡ ಅಂದು ಕಾಪಾಡಿದವರಿಗೆ ಬೈಗುಳ.

ಅರ್ಧ ಧೈರ್ಯ ಬಂತು. ಇನ್ನರ್ಧಕ್ಕೆ ವಿಡಿಯೋ ಕಾಲ್ ಮಾಡಿಸಿದೆ. ಆ ಕಂಪನಿಯ ಯಜಮಾನನ ಹೆಂಡತಿಯೇ ಬುಕಿಂಗ್ ನೋಡುವವರು. ನನ್ನಷ್ಟೇ ವಯಸ್ಸು, ನರೆತ ಕೂದಲು, ಹಿಂದೆ ಅಡುಗೆಮನೆ. ಆಸ್ಪತ್ರೆ ಎಷ್ಟು ದೂರ? ಹಾವು ಕಚ್ಚಿದರೆ ಔಷಧಿ ಇದೆಯಾ? ನಾನು ಕೇಳಿದ್ದೆಲ್ಲ ಶ್ರುತಿ ಇಂಗ್ಲಿಷಿನಲ್ಲಿ ಕೇಳಿದಳು. ಆಯಮ್ಮ ಬೇಜಾರಿಲ್ಲದೆ ಒಂದೊಂದಕ್ಕೂ ಉತ್ತರ ಹೇಳಿದರು.

ಆಮೇಲೆ ಅಂದರು: “ಈಗ ನಾನು ಕೇಳಲಾ?”

ಶ್ರುತಿ ನನ್ನ ಮುಖ ನೋಡಿದಳು.

“ನಿಮ್ಮ ಯಜಮಾನರು ಚಿಕ್ಕಂದಿನಿಂದ ಬೇಟೆಯಾಡಿ ಅಭ್ಯಾಸ ಇದೆ ಅಂತ ನಮಗೆ ಹೇಳಿದಾರೆ. ನಿಜವಾ?”

ಬೇಟೆಯಾ? ಪಾರುವೇಟೆಯಲ್ಲಿ ಪಲ್ಲಕ್ಕಿಯ ಹಿಂದೆ ನಡೆದದ್ದು ಬಿಟ್ಟರೆ ಇವರು ಬಂದೂಕು ಹಿಡಿದದ್ದು ಎಗ್ಜಿಬಿಷನ್ನಿನ ಬಲೂನಿಗೆ. (ಅದೂ ಒಡೆಯಲಿಲ್ಲ.)

ಆಯಮ್ಮ ಮುಂದುವರಿಸಿದರು: “ಇನ್ನೊಂದು ಮಾತು. ಹೊಡೀಬೇಡಿ ಅಂದ್ರೆ ಅವರು ಬಂದೂಕು ಇಳಿಸ್ತಾರಾ? ಹೆಜ್ಜೆಗುರುತು ನೋಡ್ಕೊಂಡು ನಮ್ಮ ಕೆಲಸದವನು ಮುಂದೆ ನಡೀತಾನೆ. ನಿಮ್ಮವರು ಅವನ ಹಿಂದೆ, ಬಂದೂಕು ಹಿಡಿದು. ಅವನಿಗೂ ಹೆಂಡತಿ ಇದ್ದಾಳೆ. ಅವಳು ನಿಮಗೆ ಫೋನ್ ಮಾಡೋಕಾಗಲ್ಲ. ಅದಕ್ಕೇ ನಾನು ಕೇಳ್ತಿದೀನಿ.”

ಇಷ್ಟು ದಿನ ನಾನು ಹೆದರಿದ್ದು ಸಿಂಹಕ್ಕೆ, ಹಾವಿಗೆ, ಜ್ವರಕ್ಕೆ. ನಮ್ಮನೆಯವರಿಗೇ ಹೆದರಬೇಕಾದವರು ಅಲ್ಲೊಬ್ಬರಿದ್ದಾರೆ ಅಂತ ಹೊಳೆದೇ ಇರಲಿಲ್ಲ.

“ಅತ್ತೆ, ಏನಂತ ಹೇಳ್ಲಿ?” ಶ್ರುತಿಯ ದನಿ ಸಣ್ಣಗಾಗಿತ್ತು.

ನನ್ನ ಕಣ್ಣಮುಂದೆ ಬಂದದ್ದು ನಮ್ಮೂರ ರೈಲ್ವೆ ಗೇಟು. ಗೇಟು ಬಿದ್ದಿರುತ್ತದೆ. ಗೇಟಿನವನು ಕೈ ಅಡ್ಡ ಮಾಡಿ ಕೂಗುತ್ತಿರುತ್ತಾನೆ. ಇವರು ಸ್ಕೂಟರ್ ಬಗ್ಗಿಸಿ ಕೆಳಗಿಂದ ತೂರಿಸುತ್ತಾರೆ, ಹಿಂದೆ ನಾನು. “ಪರವಾಲೇದು, ರೈಲು ಇನ್ನೂ ದೂರ ಐತಿ!” ಬೇಡ ಅಂದ ಮಾತು ಆ ಕಿವಿಗೆ ಯಾವತ್ತಾದರೂ ಬಿದ್ದಿದೆಯಾ? ಕೆಟ್ಟ ಮನುಷ್ಯರಲ್ಲ. ಯೂನಿಟ್ಟಿನ ಹೆಣ್ಣುಮಕ್ಕಳಿಗೆ ಜ್ವರ ಬಂದರೆ ತಾವೇ ಮನೆಗೆ ಬಿಟ್ಟು ಬರುತ್ತಾರೆ. ಆದರೆ ಕೇಳಿದ ಪ್ರಶ್ನೆ ಅದಲ್ಲವಲ್ಲ.

“ಅಭ್ಯಾಸ ಇಲ್ಲ ಅನ್ನು. ಬ್ಯಾಡ ಅಂದ್ರ ಕೇಳೋದೂ ಇಲ್ಲ ಅನ್ನು.”

ಸಂಜೆ ಯೂನಿಟ್ಟಿನಿಂದ ಬಂದವರೇ ಕೇಳಿದರು: “ಏನಂತೈತಿ ಆಫ್ರಿಕಾ? ಒಳ್ಳೇರೇನು?”

“ಬಾಳ ಒಳ್ಳೇರ್ರಿ. ಕಣ್ಣು ಮುಚ್ಚಿ ನಂಬಬೋದು.”

“ನಾ ಹೇಳಿರ್ಲಿಲ್ಲ?”

“ಅವ್ರಿಗೇ ನಿಮ್ಮ ಮ್ಯಾಲೆ ನಂಬಿಕಿ ಇಲ್ಲ.” ನಡೆದದ್ದೆಲ್ಲ ಹೇಳಿದೆ.

ಕಾಫಿ ಲೋಟ ಟಕ್ ಅಂತ ಕೆಳಗಿಟ್ಟರು. “ಪರದೇಶದಾಗ ನನ್ನ ಮರ್ಯಾದಿ ತೆಗದೆಲ್ಲೇ!”

“ಹೊಗಳಬೇಕಂದ್ರ ನಾಲಿಗಿ ಹೊರಳಲಿಲ್ರಿ. ಯಾರದೋ ಜೀವದ ಮಾತು.”

ಕಂಪನಿಯವರು ಬಾಗಿಲು ಹಾಕಿಲ್ಲ. ಬರಲಿ ಅಂದಿದ್ದಾರೆ. ಮೊದಲು ಗುರಿ ಅಭ್ಯಾಸ. ಅಲ್ಲಿನ ಗೈಡ್ ಸೈ ಅನ್ನುವ ತನಕ ಇವರ ಕೈಗೆ ಬಂದೂಕು ಇಲ್ಲ, ಬೈನಾಕ್ಯುಲರ್ ಹಿಡಿದು ಎಲ್ಲರಿಗಿಂತ ಹಿಂದೆ ನಡೆಯಬೇಕು ಅಂದಿದ್ದಾರೆ. ಇವರು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಬಳ್ಳಾರಿಯಿಂದ ಫೋನ್ ಬಂದರೆ “ನೋಡೋಣ” ಅಂತ ಮಹಡಿ ಹತ್ತುತ್ತಾರೆ. ನನ್ನ ಹತ್ತಿರ ಮಾತೇ ಕಮ್ಮಿ.

ನನ್ನ ಆತಂಕ ಇಳಿದಿಲ್ಲ, ಜಾಗ ಬದಲಾಯಿಸಿದೆ ಅಷ್ಟೆ. ಬೆಳಿಗ್ಗೆ ದೇವರ ಮುಂದೆ ಕಣ್ಣು ಮುಚ್ಚಿದರೆ ಇವರ ಮುಖ ಬರುವುದಿಲ್ಲ. ಹುಲ್ಲಿನಲ್ಲಿ ತಲೆ ಬಗ್ಗಿಸಿ ನಡೆಯುವ ಯಾರದೋ ಬೆನ್ನು ಕಾಣುತ್ತದೆ. ಹಿಂದೆ ಬರುತ್ತಿರುವವನು ಮಾತು ಕೇಳುವ ಮನುಷ್ಯ ಅಂತ ನಂಬಿಕೊಂಡ ಬೆನ್ನು.

ನೀವೂ ಇಷ್ಟು ವರ್ಷ ಸಂಸಾರ ಮಾಡಿದವರೇ, ನಿಜ ಹೇಳಿ: ನಿಮ್ಮನೆಯವರ ಕೈಗೆ ಬಂದೂಕು ಕೊಟ್ಟು, ಅವರ ಮುಂದೆ ಇನ್ನೊಬ್ಬಳ ಗಂಡನ್ನ ನಡೆಸ್ತೀರೇನ್ರಿ?