ಒಂದೇ ಒಂದನ್ನು ಕೊಡದ ಉರ್ಸಿನಾ

ವಿಂಟರ್‌ಟೂರ್ ಊರಿನ ನಮ್ಮ ಬೀದಿಯಲ್ಲಿ, ಜನ ಬಿಟ್ಟುಹೋದ ಗಿನಿಪಿಗ್‌ಗಳನ್ನು ಸಾಕುವ ಉರ್ಸಿನಾಳ ಮುಂದೆ ಪೊಲೀಸರ ವಿಚಾರಣೆಯೂ ಮಕ್ಕಳಾಟ. ದತ್ತು ಕೇಳಲು ಬಂದವರನ್ನು ಒಣಹುಲ್ಲಿನ ಮೇಲೆ ಕೂರಿಸಿ, "ಮನೇಲಿ ನಾಯಿ ಇದೆಯಾ? ನೀವು ರಜಕ್ಕೆ ಹೋದ್ರೆ ಸೊಪ್ಪು ಹಾಕೋರ್ಯಾರು?" ಎಂದು ಬೆವರಿಳಿಸುತ್ತಾಳೆ. ಗೂಡುಗಳು ತುಂಬಿ ತುಳುಕುತ್ತಿದ್ದರೂ, "ನಮಗೆ ಒಂದೇ ಸಾಕು" ಎಂದವರಿಗೆ ಬಾಗಿಲು ತೋರಿಸುತ್ತಾಳೆ: "ಒಂಟಿಯಾಗಿಟ್ರೆ ಕೊರಗಿ ಸಾಯತ್ತೆ ಕಣ್ರೀ. ನಿಮಗೆ ಬೇಕಾಗಿರೋದು ಗೊಂಬೆ, ಅಂಗಡಿಗೆ ಹೋಗಿ!" ನಿನ್ನೆ ಮುದಿ ಗಿನಿಪಿಗ್ ಮೋರಿಟ್ಸ್‌ನ ಜೊತೆಗಾತಿ ಸತ್ತಳು. ಆಗಿನಿಂದ ಅವನು ಏನನ್ನೂ ಮುಟ್ಟಿಲ್ಲ. ಹೊಟ್ಟೆ ಖಾಲಿ ಬಿಟ್ಟರೆ ಈ ಜೀವ ಬಹಳ ಹೊತ್ತು ಉಳಿಯುವುದಿಲ್ಲ. ಇಂದು ಬೆಳಿಗ್ಗೆ ಹೋದರೆ, ಉರ್ಸಿನಾ ಅವನ ಪಕ್ಕದಲ್ಲೇ ಬೋರಲು ಮಲಗಿ, ಅವನ ಮುಂದೊಂದು ಹಸಿ ಕ್ಯಾರೆಟ್ ಇಟ್ಟು, ತಾನೂ ಒಂದನ್ನು ಕರಕರ ಅಗಿಯುತ್ತಿದ್ದಳು. ಬಾಯಿ ತೆರೆಯಹೊರಟ ನನ್ನನ್ನು ಬೆರಳೆತ್ತಿ ತಡೆದಳು. ಆಮೇಲೆ ಉಸಿರು ಬಿಗಿಹಿಡಿದು, ಅಗಿಯುವುದನ್ನೂ ನಿಲ್ಲಿಸಿದಳು. ಕರಕರ ಸದ್ದು ಮಾತ್ರ ನಿಲ್ಲಲಿಲ್ಲ.