ಕೆಸರು ತಾಗದ ಟೈರು

ಹೆಗ್ಗಡದೇವನಕೋಟೆಯ ಸರ್ಕಾರಿ ಉಗ್ರಾಣದಲ್ಲಿ ಜೀಪಿಗೆ ಎರಡು ಬಗೆಯ ಟೈರುಗಳಿದ್ದವು: ಯುದ್ಧಕಾಲದ ಸವೆದ ಮಿಲಿಟರಿ ಟೈರು, ಮತ್ತು ಬೆರಳು ಹುಗಿಯುವಷ್ಟು ಆಳದ ಹಲ್ಲಿನ ಹೊಸದು. ಕಾಕನಕೋಟೆ ದಾರಿಯ ಕೆಸರಿಗೆ ಹೊಸದನ್ನೇ ಕೇಳಿದೆ. ನನ್ನ ಕೈಯಲ್ಲಿ ಸಿಡುಬಿನ ಲಸಿಕೆಯ ಐಸ್ ಪೆಟ್ಟಿಗೆ ಇತ್ತು.

"ಅದಾಗಕ್ಕಿಲ್ಲ ಕಣ್ರೀ," ಎಂದ ಉಗ್ರಾಣದ ಗುಮಾಸ್ತ. "ನಾಳಿದ್ದು ಸಾಹೇಬ್ರು ತನಿಖೆಗೆ ಬತ್ತಾರೆ. ಟೈರು ಕೆಸರಾಗಿದ್ರೆ ಏನಂದಾರು?"

ಹೊಸ ಟೈರುಗಳಿಗೆ ವಿಭೂತಿ ಬಳಿದು ಹೂ ಮುಡಿಸಿದ್ದ. ಕೆಸರಿಗೆಂದೇ ಹುಟ್ಟಿದ ಟೈರುಗಳು!

ಹಳೆಯವನ್ನೇ ಹಾಕಿಕೊಂಡು ಡ್ರೈವರೂ ನಾನೂ ಹೊರಟೆವು. ಅಂತರಸಂತೆ ದಾಟುತ್ತಲೇ ಜೀಪು ಅಚ್ಚಿನವರೆಗೂ ಹೂತಿತು. ಹತ್ತಿರದ ಹಾಡಿಯಿಂದ ಕಾಡಿನ ಜನ ಬಂದು ನೂಕಿ ಮೇಲೆತ್ತುವಷ್ಟರಲ್ಲಿ ಸಂಜೆಯಾಯಿತು. ಐಸ್ ಕರಗಿ, ಲಸಿಕೆ ಕೆಟ್ಟಿತ್ತು.

ಜೀಪು ನೂಕಿದ ಮುದುಕನೊಬ್ಬ ಕೈಯ ಕೆಸರು ಒರೆಸಿಕೊಂಡು, ಮೊಮ್ಮಗಳ ರಟ್ಟೆಯನ್ನು ನನ್ನ ಮುಂದೆ ಹಿಡಿದ.

"ಮೊದ್ಲು ಈ ಕೂಸ್ಗೆ ಆಕಿ, ಸಾಮಿ."