ಒಪ್ಪಿಕೊಳ್ಳುವ ಗುಂಡಿ

ನಾನು ಮೊದಲಿನಿಂದಲೂ ಮುಂಗೋಪಿ. ತೊಂಬತ್ತರ ದಶಕದಲ್ಲಿ, ಬೈಲಹೊಂಗಲದಲ್ಲಿ ಡಿಗ್ರಿ ಓದುವಾಗ, ಅದನ್ನೇ ಗಂಡಸುತನ ಎಂದುಕೊಂಡಿದ್ದೆ.

ನನ್ನ ರೂಮಿನವನು ಹೂಲಿಯ ಹುಡುಗ. ರೊಟ್ಟಿ ಬಡಿಯುವುದು ಅವನ ಪಾಲು, ಪಾತ್ರೆ ತಿಕ್ಕುವುದು ನನ್ನದು. ಮಿಲಿಟರಿ ಸೇರಬೇಕೆಂದು ದಿನಾ ಬೆಳಿಗ್ಗೆ ಓಡುತ್ತಿದ್ದ. ಆ ವರ್ಷ ಅವನು ಕ್ಲಾಸಿನ ಪ್ರತಿನಿಧಿ, ಅಂದರೆ ಸಿ.ಆರ್. ಆದ. ಎಲ್ಲ ಸಿ.ಆರ್.ಗಳು ಸೇರಿ ಕಾಲೇಜಿನ ವಿದ್ಯಾರ್ಥಿ ಕಾರ್ಯದರ್ಶಿ, ಜಿ.ಎಸ್., ಯಾರೆಂದು ಆರಿಸಬೇಕು. ಹಾಗಾಗಿ ಇಲೆಕ್ಷನ್ನಿಗೆ ಎರಡು ದಿನ ಮೊದಲೇ ಅವರನ್ನು ಜೀಪಿಗೆ ಹಾಕಿಕೊಂಡು ಹೋಗಿ ಅಡಗಿಸಿಡುವುದು ನಮ್ಮ ರೂಢಿ. ನಮ್ಮ ಗುಂಪು ಇವನನ್ನೂ ಇನ್ನು ಆರು ಜನರನ್ನೂ ಕಿತ್ತೂರಿನ ಕಡೆ, ದೇಗಾಂವದ ಹತ್ತಿರ ಒಂದು ತೋಟದ ಮನೆಯಲ್ಲಿ ಇಟ್ಟಿತು. ಕೋಳಿ ಕೊಯ್ದು ಉಣಿಸಿದೆವು. ಒಬ್ಬ ಓಡಿಹೋಗಲು ನೋಡಿದಾಗ ಅವನ ಬೆನ್ನ ಮೇಲೆ ಬಡಿಗೆ ಮುರಿದೆವು. ನಗುತ್ತಲೇ ಮುರಿದೆವು.

ಒಂದು ಓಟಿನಿಂದ ಸೋತೆವು. ಮರುದಿನ ಮಧ್ಯಾಹ್ನ, ಕೈಕೊಟ್ಟವನು ಯಾರೆಂದು ಹುಡುಕುತ್ತ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ನನ್ನ ಹತ್ತಿರ ರೂಮಿನವನು ತಾನಾಗಿಯೇ ಬಂದ. "ನಾ ಆ ಕಡೆ ಹಾಕೇನಿ. ಅಂವ ಚಲೋ ಹುಡುಗ ಅದಾನ. ನಿನಗ ಸುಳ್ಳ ಹೇಳಾಕ ಆಗೂದಿಲ್ಲ" ಅಂದ.

ನನ್ನ ಕೈಯಲ್ಲಿ ಸೈಕಲ್ ಚೈನಿತ್ತು. ನಾಲ್ವರು ಗೆಳೆಯರು ಅವನ ಕೈ ಹಿಡಿದುಕೊಂಡರು. ಚೈನು ಕಿವಿಗೆ ಬಿದ್ದಾಗ ಅವನು ಕೂಗಲೂ ಇಲ್ಲ, ನನ್ನ ಮುಖವನ್ನೇ ನೋಡಿದ. ಆ ನೋಟಕ್ಕೆ ನನಗೆ ಇನ್ನಷ್ಟು ರೊಚ್ಚು ಬಂತು. ಬಸ್ಸಿಗೆ ಕಾಯುತ್ತಿದ್ದವರು ಗಂಟುಮೂಟೆ ಎತ್ತಿಕೊಂಡು ದೂರ ಸರಿದರು. ಊರಿನ ಹಿರಿಯರು ಕೇಸಾಗದಂತೆ ಮುಚ್ಚಿಹಾಕಿದರು. ಆಮೇಲೆ ಬೆಳಗಾವಿಯ ಮಿಲಿಟರಿ ಭರ್ತಿಯಲ್ಲಿ ಡಾಕ್ಟರು ಅವನ ಎಡಗಿವಿ ನೋಡಿ ವಾಪಸ್ಸು ಕಳಿಸಿದರೆಂದು ಕೇಳಿದೆ.

ಎರಡು ಸಾವಿರದ ಏಳೆಂಟರ ಹೊತ್ತಿಗೆ ನಾನು ಸವದತ್ತಿಯಲ್ಲಿ ಪಿಯು ಮಕ್ಕಳಿಗೆ ಇತಿಹಾಸ ಹೇಳುತ್ತಿದ್ದೆ. ಇಂಟರ್ನೆಟ್ಟಿನ ಗೆಳೆಯರ ತಾಣವೊಂದರಲ್ಲಿ ಆ ಮಕ್ಕಳೇ ನನಗೊಂದು ಪುಟ ಮಾಡಿಕೊಟ್ಟರು. ಹಳೆಯ ಗೆಳೆಯರು ಒಬ್ಬೊಬ್ಬರಾಗಿ ಸಿಕ್ಕರು. ಅಲ್ಲಿ ಅವರು ನಮ್ಮ ಬಗ್ಗೆ ನಾಲ್ಕು ಮಾತು ಬರೆಯಬಹುದು. ನಾವು ಒಪ್ಪಿಕೊಳ್ಳುವ ಗುಂಡಿ ಒತ್ತಿದರೆ ಮಾತ್ರ ಅದು ಎಲ್ಲರಿಗೂ ಕಾಣುತ್ತದೆ. ಅಂದು ಕೈ ಹಿಡಿದ ನಾಲ್ವರೂ "ದೇವರಂಥಾ ಮನಶ್ಯಾ" ಎಂದು ಬರೆದರು. ನಾಚಿಕೆಯಿಲ್ಲದೆ ಒಪ್ಪಿಕೊಂಡೆ.

ಒಂದು ದಿನ ಅವನದೂ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ: "ಇಂವ ನನ್ನ ರೂಮಿನಾಂವ. ಮುಂಜಾನೆ ನಾ ಬಡದ ರೊಟ್ಟಿ ತಿಂದು, ಮಧ್ಯಾಹ್ನ ಚೈನಿನಿಂದ ಹೊಡದು ನನ್ನ ಕಿವಿ ಕಳದ. ಬಿದ್ದ ಮ್ಯಾಲೂ ಒಮ್ಮೆ ಒದ್ದ."

ಸೈಬರ್ ಕೆಫೆಯಲ್ಲೇ ಕೂತು, ಗೆಳೆಯನೊಬ್ಬನಿಂದ ನಂಬರ್ ತೆಗೆದುಕೊಂಡು ಫೋನು ಹಚ್ಚಿದೆ. ರೂಮಿನವನು ಈಗ ರಾಮದುರ್ಗದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಪಕ್ಕದಲ್ಲಿ ನನ್ನ ವಿದ್ಯಾರ್ಥಿಗಳಿದ್ದರು, ದನಿ ತಗ್ಗಿಸಿದೆ.

"ಜೋರ ಮಾತಾಡು. ಕೇಳಸೂದಿಲ್ಲ" ಅಂದ.

"ಅದನ್ನ ತಗದಬಿಡೋ. ಹುಡುಗರು ನೋಡ್ತಾರ."

"ಒಪ್ಪೂದು ಬಿಡೂದು ನಿನ್ನ ಕೈಯಾಗ ಐತಿ. ಅವತ್ತೂ ನಿನ್ನ ಕೈಯಾಗ ಇತ್ತು."

ಮುಷ್ಟಿ ಕಟ್ಟಿ ಮೇಜಿಗೆ ಗುದ್ದಿದೆ. ಕೀಬೋರ್ಡು ಹಾರಿ ಬಿತ್ತು. ಎದುರಿಗೆ ಸಿಕ್ಕಿದ್ದರೆ ಅವನ ಇನ್ನೊಂದು ಕಿವಿಯನ್ನೂ ಹರಿಯುತ್ತಿದ್ದೆ, ಸುಳ್ಳೇಕೆ ಹೇಳಲಿ? ಹಾಗನ್ನಿಸಿದ ಮೇಲೆ, ಅವನು ಬರೆದದ್ದು ಹಳೆಯ ಮಾತಲ್ಲ ಎಂದು ತಿಳಿಯಿತು. ಬಿದ್ದದ್ದನ್ನು ಎತ್ತಿಟ್ಟು ಗುಂಡಿ ಒತ್ತಿದೆ.

ಮರುದಿನ ಕ್ಲಾಸಿಗೆ ಹೋದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸರ್, ಅವರು ಬರದದ್ದು ಖರೇನ್ರಿ? ಬಿದ್ದ ಮ್ಯಾಲೂ ಒಮ್ಮೆ ಒದ್ರೇನ್ರಿ?"

"ಒಮ್ಮೆ ಅಲ್ಲವ್ವಾ" ಅಂದೆ. "ಅವಂಗ ಎಚ್ಚರ ತಪ್ಪಿತ್ತು, ಉಳದದ್ದು ಗೊತ್ತಿಲ್ಲ. ನನ್ನ ಕಾಲು ನೋಯೂತನಕ ಒದ್ದೇನಿ."